ಬಗ್ ಇಲ್ಲದ ಲೆಕ್ಕ ಸಾಧ್ಯವೇ? ಕಾರಟಗಿಯ ಒಂದು ಕಾಟಾ ಕೋಣೆಯ ಅನುಭವ

"ಬಗ್ ಇಲ್ಲದ ಸಾಫ್ಟ್‌ವೇರ್ ಅನ್ನೋದೇ ಇಲ್ಲ ಮೇಡಂ." ನಮ್ಮ ಕಸುಬಿನಲ್ಲಿ ಈ ಮಾತು ತುಂಬಾ ಸಲೀಸಾಗಿ ಬಾಯಿಗೆ ಬರುತ್ತದೆ. ಬಗ್ ಎಂದರೆ ಪ್ರೋಗ್ರಾಮಿನಲ್ಲಿ ಉಳಿದುಹೋದ ತಪ್ಪು. ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವಳು. ಬೆಂಗಳೂರಿನ ಕಂಪನಿಗೆ ಗಂಗಾವತಿಯ ಮನೆಯಿಂದಲೇ ಕೆಲಸ ಮಾಡುತ್ತೇನೆ. ಮೀಟಿಂಗುಗಳಲ್ಲಿ ಇದನ್ನು ಕೇಳಿ ಕೇಳಿ ರೂಢಿಯಾಗಿತ್ತು. ಆದರೆ ಕಾರಟಗಿ ಹತ್ತಿರದ ಒಂದು ರೈತರ ಸಂಘದಲ್ಲಿ, ಭತ್ತ ಹಾಕಿ ಚೀಟಿ ಹಿಡಿದು ನಿಂತವರ ಎದುರಿಗೇ ಈ ಮಾತು ಬಂದಾಗ ನನಗೆ ತಡೆಯಲಾಗಲಿಲ್ಲ. ಚೀಟಿಯಲ್ಲಿ ದುಡ್ಡು ಹೆಚ್ಚುಕಡಿಮೆ ಆಗಿದೆ. ಅದಕ್ಕೆ 'ಬಗ್ ಇದ್ದೇ ಇರುತ್ತೆ' ಎನ್ನುವುದು ಉತ್ತರವಾದರೆ, ಆ ಮನುಷ್ಯ ಮನೆಗೆ ಹೋಗಿ ಏನು ಹೇಳಬೇಕು?

ಸಂಘದ ನಿರ್ದೇಶಕರಲ್ಲಿ ನಮ್ಮ ಸೋದರಮಾವನೂ ಒಬ್ಬರು. "ನೀ ಇದನ್ನೇ ಓದೀಯಲ್ಲವ್ವಾ, ಒಂದ್ಸಲ ನೋಡು" ಎಂದರು. ಸಾಫ್ಟ್‌ವೇರ್ ಮಾಡಿಕೊಟ್ಟ ಹುಡುಗನೂ ಬೇಡ ಎನ್ನಲಿಲ್ಲ. ಕೋಡ್ ಪೂರ್ತಿ ಒಂದು ಪೆನ್‌ಡ್ರೈವಿಗೆ ಹಾಕಿ ಕೊಟ್ಟ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನ ಮಾತಿನ ಮೇಲೆ ಮಾತ್ರ ಇತ್ತು.

ಲೆಕ್ಕ ದೊಡ್ಡದೇನಲ್ಲ. ತುಂಬಿದ ಟ್ರ್ಯಾಕ್ಟರ್ ವೇಬ್ರಿಡ್ಜ್ ಮೇಲೆ ಬರುತ್ತದೆ. ನಮ್ಮ ಕಡೆ ಅದಕ್ಕೆ ಕಾಟಾ ಅಂತಲೇ ಹೆಸರು. ಇಳಿಸಿದ ಮೇಲೆ ಖಾಲಿ ಟ್ರ್ಯಾಕ್ಟರ್ ಮತ್ತೆ ಹತ್ತುತ್ತದೆ. ಒಂದರಲ್ಲಿ ಇನ್ನೊಂದನ್ನು ಕಳೆದು, ಚೀಲದ ತೂಕ ತೆಗೆದು, ಉಳಿದದ್ದಕ್ಕೆ ದರ ಹಚ್ಚುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ಈ ಭಾಗದಲ್ಲಿ ಭತ್ತದ ದರವನ್ನು ಇವತ್ತಿಗೂ 75 ಕೆಜಿ ಚೀಲಕ್ಕೇ ಮಾತಾಡುತ್ತಾರೆ. ಹಸಿ ಜಾಸ್ತಿ ಇದ್ದರೆ ಕಡಿತ. ಹಮಾಲಿ ಕಡಿತ. ಆಮೇಲೆ ಪಾಲು: ಅಣ್ಣತಮ್ಮಂದಿರು ಇರಬಹುದು, ಪಾಲಿಗೆ ಹೊಲ ಮಾಡಿದವರು ಇರಬಹುದು. ಒಂದೇ ಲೋಡಿನ ದುಡ್ಡು ಎರಡು ಮೂರು ಖಾತೆಗೆ ಹೋಗಬೇಕು.

ಮೊದಲು ನನಗೆ ಗೊತ್ತಿದ್ದ ದಾರಿಯಲ್ಲೇ ಹೋದೆ. ಹಳೇ ಚೀಟಿಗಳ ಕಟ್ಟು ಬಿಚ್ಚಿ, ಗುಮಾಸ್ತರ ಪಕ್ಕ ಕೂತು, ಒಂದೊಂದೇ ತಾಳೆ ನೋಡಿದೆ. ಕೆಲವು ಸರಿ ಇದ್ದವು, ಕೆಲವು ಇರಲಿಲ್ಲ. ಟೆಸ್ಟಿಂಗ್ ಎಂದರೆ ಇಷ್ಟೇ. ಚೀಲಕ್ಕೆ ಚೂಪು ಕೊಳವೆ ಚುಚ್ಚಿ ಒಂದು ಹಿಡಿ ಭತ್ತ ತೆಗೆದು ನೋಡುತ್ತಾರಲ್ಲ, ಹಾಗೆ. ಕಲ್ಲು ಬಂದರೆ ಕಲ್ಲಿದೆ ಅಂತ ಗೊತ್ತಾಯಿತು. ಬರಲಿಲ್ಲ ಅಂದರೆ ಇಡೀ ಚೀಲ ಚೊಕ್ಕ ಎನ್ನಲು ಬರುವುದಿಲ್ಲ. ಡೈಕ್‌ಸ್ಟ್ರಾ ಎಂಬ ಡಚ್ ವಿಜ್ಞಾನಿ ಇದನ್ನು 1970ರ ಹೊತ್ತಿಗೇ ಹೇಳಿದ್ದರು: ಪರೀಕ್ಷೆಯಿಂದ ಬಗ್ ಇದೆ ಎಂದು ತೋರಿಸಬಹುದು, ಇಲ್ಲ ಎಂದು ತೋರಿಸಲಾಗದು.

ಆದರೆ ಕಾಟಾ ಮುಂದೆ ಕೂತಾಗ ನನಗೆ ಒಂದು ವಿಷಯ ಹೊಳೆಯಿತು. ಇಲ್ಲಿ ಬರುವ ಸಂಖ್ಯೆಗಳಿಗೆ ಒಂದು ಮಿತಿ ಇದೆ. ಈ ಕಾಟಾ 10 ಕೆಜಿ ಲೆಕ್ಕದಲ್ಲಿ ಏರುತ್ತದೆ. 60 ಟನ್‌ವರೆಗೆ ಅಂದರೂ ಬರಬಹುದಾದ ತೂಕಗಳು 6,001 ಮಾತ್ರ. ಚೀಲದ ದರ 1,000ದಿಂದ 3,000 ರೂಪಾಯಿ ಅಂದುಕೊಂಡರೆ 2,001. ಎರಡನ್ನೂ ಗುಣಿಸಿದರೆ ಸುಮಾರು 1 ಕೋಟಿ 20 ಲಕ್ಷ ಜೋಡಿ. ಲ್ಯಾಪ್‌ಟಾಪಿಗೆ ಅದೊಂದು ಲೆಕ್ಕವೇ ಅಲ್ಲ. ಹಾಗಾದರೆ ಒಂದು ಹಿಡಿ ಯಾಕೆ ತೆಗೆಯಬೇಕು? ಚೀಲವನ್ನೇ ಸುರಿದು ನೋಡಬಹುದು, ಅಲ್ವಾ?

ನೋಡಿದೆ. ದಶಮಾಂಶ ಮುಟ್ಟದೆ, ಬರೀ ಭಿನ್ನರಾಶಿಯಲ್ಲಿ ಅದೇ ಲೆಕ್ಕ ಮಾಡುವ ಇನ್ನೊಂದು ಚಿಕ್ಕ ಪ್ರೋಗ್ರಾಂ ಬರೆದು, ಎರಡೂ ಕೊಡುವ ಉತ್ತರವನ್ನು ಪ್ರತಿ ಜೋಡಿಗೂ ಹೋಲಿಸಿದೆ. ಒಂದೂ ತಪ್ಪು ಬರಲಿಲ್ಲ. ಯಾಕೆ ಎಂದು ಕಾಗದದ ಮೇಲೆ ಬಿಡಿಸಿದಾಗ ಖುಷಿಯಾಯಿತು. ತೂಕವನ್ನು ದರದಿಂದ ಗುಣಿಸಿ 75ರಿಂದ ಭಾಗಿಸಿದರೆ, ಪೈಸೆಯ ಲೆಕ್ಕದಲ್ಲಿ ಉಳಿಯುವುದು ಮೂರನೇ ಒಂದು ಭಾಗ, ಇಲ್ಲವೇ ಮೂರನೇ ಎರಡು ಭಾಗ, ಇಲ್ಲವೇ ಸೊನ್ನೆ. ಸರಿಯಾಗಿ ಅರ್ಧ ಪೈಸೆ ಯಾವತ್ತೂ ಉಳಿಯುವುದಿಲ್ಲ. ಅರ್ಧ ಬಂದಾಗಲೇ ಮೇಲಕ್ಕೋ ಕೆಳಕ್ಕೋ ಎಂಬ ಗೊಂದಲ ಏಳುವುದು.

ಈ ಒಂದು ಹೆಜ್ಜೆಯಲ್ಲಿ, ಈ ಮಿತಿಯೊಳಗೆ, ಬಗ್ ಇಲ್ಲ. ಬಹುಶಃ ಇಲ್ಲ ಅಂತಲ್ಲ. ಇಲ್ಲವೇ ಇಲ್ಲ. ಇಷ್ಟು ವರ್ಷದ ಕೆಲಸದಲ್ಲಿ ಈ ವಾಕ್ಯ ಹೇಳುವ ಹಕ್ಕು ನನಗೆ ಸಿಕ್ಕಿದ್ದು ಅಪರೂಪ.

ಎಲ್ಲ ಕಡೆ ಹೀಗೆ ಮಾಡಲು ಆಗುವುದಿಲ್ಲ. 32 ಬಿಟ್‌ಗಳ, ಅಂದರೆ ಸೊನ್ನೆ-ಒಂದುಗಳ 32 ಮನೆಗಳಲ್ಲಿ ಹಿಡಿಸುವ, ಎರಡು ಸಂಖ್ಯೆಗಳನ್ನು ಕೂಡಿಸುವ ಒಂದು ಪುಟ್ಟ ಪ್ರೋಗ್ರಾಂ ತೆಗೆದುಕೊಳ್ಳಿ. ಎಲ್ಲ ಜೋಡಿಗಳನ್ನೂ ನೋಡಲು, ಸೆಕೆಂಡಿಗೆ 100 ಕೋಟಿಯಂತೆ ಹೋದರೂ, 584 ವರ್ಷ ಬೇಕು. ನಮ್ಮ ಲೆಕ್ಕಕ್ಕೂ ಚೀಲದ ಎಣಿಕೆ, ತೇವಾಂಶ, ಪಾಲಿನ ಪ್ರಮಾಣ ಒಂದೊಂದೇ ಸೇರಿದಂತೆ ಸುರಿದು ನೋಡುವುದು ಕೈ ಮೀರಿತು.

ಎಡವಟ್ಟು ಇದ್ದದ್ದೂ ಪಾಲಿನಲ್ಲೇ. ನಿವ್ವಳ 4,310 ಕೆಜಿ, ಚೀಲಕ್ಕೆ 1,750 ರೂಪಾಯಿ ಎಂದರೆ 1,00,566 ರೂಪಾಯಿ 67 ಪೈಸೆ. ಮೂವರು ಅಣ್ಣತಮ್ಮಂದಿರಿಗೆ ಸಮ ಪಾಲು ಮಾಡಿದರೆ ಒಬ್ಬೊಬ್ಬರಿಗೆ 33,522 ರೂಪಾಯಿ 22 ಪೈಸೆ. ಮೂರನ್ನೂ ಕೂಡಿಸಿ ನೋಡಿ, ಒಂದು ಪೈಸೆ ಕಾಣೆ. ಅದೇ ದುಡ್ಡನ್ನು ಇಬ್ಬರಿಗೇ ಪಾಲು ಮಾಡಿದರೆ ಅರ್ಧ ಪೈಸೆ ಬರುತ್ತದೆ. ಆಗ ಕಂಪ್ಯೂಟರಿನ ದಶಮಾಂಶ ಬೇರೆಯೇ ಆಟ ಹೂಡುತ್ತದೆ. 1.005 ಅನ್ನು 100ರಿಂದ ಗುಣಿಸಿದರೆ ಬರಬೇಕಾದದ್ದು 100.5. ಬರುವುದು 100.49999999999999. ಎರಡರ ಘಾತಗಳಲ್ಲಿ ಲೆಕ್ಕ ಹಾಕುವ ಯಂತ್ರಕ್ಕೆ ಆ ಸಂಖ್ಯೆ ಪೂರ್ತಿ ಹಿಡಿಸುವುದಿಲ್ಲ. ಹಾಗಾಗಿ ಒಮ್ಮೆ ಒಂದು ಪೈಸೆ ಕಡಿಮೆ, ಇನ್ನೊಮ್ಮೆ ಒಂದು ಪೈಸೆ ಹೆಚ್ಚು.

ಒಂದು ಪೈಸೆಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ ಎಂದು ಕೆಲವರು ಕೇಳಿದರು. ಗುಮಾಸ್ತರನ್ನು ಕೇಳಿ ನೋಡಿ. ದಿನದ ಕಿರ್ದಿ ಯಾವತ್ತೂ ತಾಳೆಯಾಗುವುದಿಲ್ಲ. "ಚಿಲ್ರೆ ವ್ಯತ್ಯಾಸ ಬಿಡ್ರಿ, ದಿನಾ ಇರೂದ" ಎಂದು ಬಿಟ್ಟು ಬಿಟ್ಟು, ದೊಡ್ಡ ವ್ಯತ್ಯಾಸ ಬಂದ ದಿನವೂ ಕಣ್ಣಿಗೆ ಬೀಳುವುದಿಲ್ಲ. ಚಿಕ್ಕ ತಪ್ಪಿಗೆ ಒಗ್ಗಿಹೋದ ಕಡೆಯೇ ದೊಡ್ಡದು ಬಚ್ಚಿಟ್ಟುಕೊಳ್ಳುವುದು. 1991ರ ಫೆಬ್ರವರಿ 25ರಂದು ಸೌದಿ ಅರೇಬಿಯಾದ ದಹ್ರಾನ್‌ನಲ್ಲಿ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಎದುರಿನಿಂದ ಬಂದ ಕ್ಷಿಪಣಿಯನ್ನು ತಡೆಯಲಿಲ್ಲ, 28 ಅಮೆರಿಕನ್ ಸೈನಿಕರು ಸತ್ತರು. ಮೂಲ ಕಾರಣ ಹತ್ತನೇ ಒಂದು ಸೆಕೆಂಡು. 0.1 ಎಂಬ ಸಂಖ್ಯೆ ಆ ಯಂತ್ರದಲ್ಲಿ ಪೂರ್ತಿ ಹಿಡಿಸುತ್ತಿರಲಿಲ್ಲ. ನೂರು ಗಂಟೆ ಬಿಡದೆ ಓಡಿದ ಮೇಲೆ ಆ ಕೊರತೆ ಕೂಡುತ್ತಾ ಕೂಡುತ್ತಾ ಸುಮಾರು 0.34 ಸೆಕೆಂಡಿಗೆ ಬಂದು ನಿಂತಿತ್ತು.

ಪಾಲಿನ ಭಾಗವನ್ನು ಸುರಿದು ನೋಡಲು ಆಗದ ಕಾರಣ, ಲೆಕ್ಕ ಸರಿ ಎಂದು ಗಣಿತದ ಪುರಾವೆಯಿಂದ ಸಾಧಿಸಿ ತೋರಿಸುವ ದಾರಿ ಹಿಡಿದೆ. ಡ್ಯಾಫ್ನಿ ಎಂಬ ಪ್ರೋಗ್ರಾಮಿಂಗ್ ಭಾಷೆ ಇದೆ. ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ರುಸ್ತಾನ್ ಲೈನೋ ಎಂಬವರು ಶುರು ಮಾಡಿದ್ದು, ಉಚಿತವಾಗಿ ಸಿಗುತ್ತದೆ. ಅದರಲ್ಲಿ ಪ್ರೋಗ್ರಾಮಿನ ಜೊತೆ ಅದು ಕೊಡುವ ಮಾತನ್ನೂ ಬರೆಯಬೇಕು: 'ಎಲ್ಲ ಪಾಲುಗಳ ಮೊತ್ತ ಒಟ್ಟು ದುಡ್ಡಿಗೆ ಸರಿಯಾಗಿರುತ್ತದೆ' ಅಂತ. ಆ ಮಾತು ಬರಬಹುದಾದ ಎಲ್ಲ ಸಂಖ್ಯೆಗಳಿಗೂ ನಿಲ್ಲುತ್ತದೆಯೇ ಎಂದು ಅದು ಗಣಿತದಿಂದ ನೋಡುತ್ತದೆ. ನಿಲ್ಲದಿದ್ದರೆ ಒಪ್ಪುವುದಿಲ್ಲ. ಹಟಮಾರಿ. ಎರಡು ಗೊತ್ತಿಲ್ಲದ ಸಂಖ್ಯೆಗಳ ಗುಣಾಕಾರ ಬಂದರಂತೂ ತಡವರಿಸುತ್ತದೆ, ನಡುವಿನ ಮೆಟ್ಟಿಲುಗಳನ್ನು ನಾವೇ ಬರೆದು ಕೈಹಿಡಿದು ನಡೆಸಬೇಕು. ರಾತ್ರಿ ಆಫೀಸ್ ಕೆಲಸ ಮುಗಿಸಿ ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ಮೊದಲ ತಕರಾರು ಅದು ಎತ್ತಿದ್ದು ಹೀಗೆ: ಪಾಲುದಾರರೇ ಇಲ್ಲದಿದ್ದರೆ? ಪಾಲಿನ ಮೊತ್ತ ಸೊನ್ನೆ, ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ. ಅಂಥದ್ದು ಎಲ್ಲಿ ಬರುತ್ತದೆ ಎಂದುಕೊಂಡು ಗುಮಾಸ್ತರನ್ನು ಕೇಳಿದೆ. "ಬರ್ತಾವಲ್ರಿ ಮೇಡಂ. ರಾತ್ರಿ ಗಾಡಿ ಬಂದ್ರ ಡ್ರೈವರಗ ಹೆಸರೇ ಗೊತ್ತಿರಂಗಿಲ್ಲ. ತೂಕ ಹಾಕಿ ಇಡ್ತೀವಿ, ಹೆಸರು ಮುಂಜಾನೆ ಬರೀತೀವಿ" ಎಂದರು. ಯಾವ ದಾಖಲೆಯಲ್ಲೂ ಈ ಮಾತು ಇರಲಿಲ್ಲ. ಸಾಫ್ಟ್‌ವೇರ್ ಮಾಡಿದ ಹುಡುಗನಿಗೂ ಯಾರೂ ಹೇಳಿರಲಿಲ್ಲ.

ಅಲ್ಲಿಂದ ಕೆಲಸದ ದಿಕ್ಕೇ ಬದಲಾಯಿತು. ಕಂಪ್ಯೂಟರಿನ ಮುಂದೆ ಕೂರುವುದಕ್ಕಿಂತ ಜನರ ಜೊತೆ ಕೂರುವುದು ಜಾಸ್ತಿಯಾಯಿತು. ಒಂದು ಹಾಳೆ ತೆಗೆದುಕೊಂಡು, ಲೆಕ್ಕ ಏನೇನು ಮಾತು ಕೊಡಬೇಕು ಎಂದು ಕನ್ನಡದಲ್ಲಿ ಬರೆಯುತ್ತಾ ಹೋದೆ. ಹಮಾಲರು, ಗುಮಾಸ್ತರು, ನಿರ್ದೇಶಕರು, ಭತ್ತ ಹಾಕುವವರು ಎಲ್ಲರೂ ಇದ್ದ ಸಭೆಯಲ್ಲಿ ಅದನ್ನು ಓದಿದೆ. ಗಲಾಟೆ ಶುರುವಾಯಿತು. ಆ ಗಲಾಟೆ ಬೇಕಾಗಿತ್ತು.

ತೇವಾಂಶದ್ದೇ ಮೊದಲು. ಸರ್ಕಾರಿ ಖರೀದಿಯಲ್ಲಿ ಭತ್ತಕ್ಕೆ 17 ಶೇಕಡಾ ತೇವಾಂಶದ ಮಿತಿ ಇದೆ, ಸಂಘವೂ ಅದನ್ನೇ ಇಟ್ಟುಕೊಂಡಿದೆ. ನಿಯಮದ ಹಾಳೆಯಲ್ಲಿ ಇದ್ದದ್ದು '17ರ ಮೇಲೆ ಪ್ರತಿ ಒಂದಕ್ಕೆ ಚೀಲಕ್ಕೆ ಒಂದು ಕೆಜಿ ಕಡಿತ'. ಮೀಟರ್ 17.4 ತೋರಿಸಿದರೆ? ಸಾಫ್ಟ್‌ವೇರ್ ಪೂರ್ತಿ ಒಂದು ಕೆಜಿ ಕಡಿಯುತ್ತಿತ್ತು. ಕೈಬರಹದ ಕಾಲದಲ್ಲಿ ಗುಮಾಸ್ತರು ಅರ್ಧಕ್ಕಿಂತ ಕಡಿಮೆ ಇದ್ದರೆ ಬಿಟ್ಟುಬಿಡುತ್ತಿದ್ದರು. 57 ಚೀಲದ ಲೋಡಿಗೆ, ಅದೇ 1,750ರ ದರದಲ್ಲಿ, ಇದೊಂದರಿಂದಲೇ 1,330 ರೂಪಾಯಿ ವ್ಯತ್ಯಾಸ. ಜನ ಚೀಟಿ ಹಿಡಿದು ಬರುತ್ತಿದ್ದದ್ದು ಬಹುಪಾಲು ಇದಕ್ಕೇ. ಇದು ಬಗ್ಗೋ ಅಲ್ಲವೋ? "ನಿಯಮದಲ್ಲಿ ಇದ್ದಂಗೇ ಮಾಡೀನ್ರಿ" ಎಂದ ಹುಡುಗ. ಅವನು ಹೇಳಿದ್ದು ಸರಿ. "ಹಿಂಗ್ಯಾವತ್ತೂ ಕಡದಿಲ್ಲ" ಎಂದರು ರೈತರು. ಅದೂ ಸರಿ. ಬರೆದಿಟ್ಟ ನಿಯಮವೇ ಅರ್ಧಂಬರ್ಧ ಇದ್ದಾಗ ಕೋಡಿನಲ್ಲಿ ಏನು ಹುಡುಕುತ್ತೀರಿ? ಕೊನೆಗೆ ಹತ್ತನೇ ಭಾಗದ ಲೆಕ್ಕಕ್ಕೆ ಒಪ್ಪಿದರು. 17.4ಕ್ಕೆ ಚೀಲಕ್ಕೆ 400 ಗ್ರಾಂ. ಅದೇ ಲೋಡಿಗೆ ಕಡಿತ 532 ರೂಪಾಯಿ.

ಪಾಲಿನದು ಇನ್ನೂ ಸೂಕ್ಷ್ಮ. ಉಳಿದ ಪೈಸೆ ಪಟ್ಟಿಯ ಮೊದಲ ಹೆಸರಿಗೆ ಹೋಗಲಿ ಎಂದು ಮೊದಲ ನಿಯಮದಲ್ಲಿತ್ತು. ಡ್ಯಾಫ್ನಿ ಅದನ್ನು ಒಪ್ಪಿಯೂ ಆಗಿತ್ತು, ಮೊತ್ತ ಸರಿಯಾಗಿ ಕೂಡುತ್ತಿತ್ತು. ಆದರೆ ಸಭೆಯಲ್ಲಿ ಹಿರಿಯರೊಬ್ಬರು ಎದ್ದು ನಿಂತರು. "ಪೈಸಾದ ಮಾತಲ್ಲವ್ವಾ. ಮೊದಲ ಹೆಸರು ಯಾರದು? ಹೊಲದವನದೋ, ದುಡದವನದೋ?" ಪಾಲಿಗೆ ಮಾಡುವ ಕಡೆ ಹೆಸರಿನ ಸಾಲು ಎಂದರೆ ಮಾನದ ಪ್ರಶ್ನೆ. ಸಾಧಿಸುವ ಯಾವ ಹತಾರಕ್ಕೂ ಇದು ಗೊತ್ತಾಗುವುದಿಲ್ಲ. ಸುಮಾರು ಹೊತ್ತು ಮಾತಾಡಿ, ಪ್ರತಿಯೊಬ್ಬರ ಪಾಲನ್ನೂ ಮೇಲಿನ ಪೂರ್ಣ ರೂಪಾಯಿಗೆ ಏರಿಸಿ, ಹೆಚ್ಚಾದದ್ದನ್ನು ಸಂಘ ಭರಿಸಲಿ ಎಂದು ತೀರ್ಮಾನವಾಯಿತು. ಆ ಮೂವರಿಗೆ ತಲಾ 33,523 ರೂಪಾಯಿ. ಸಂಘಕ್ಕೆ ಬೀಳುವುದು 2 ರೂಪಾಯಿ 33 ಪೈಸೆ.

ಈಗ ಸಾಧಿಸಬೇಕಾದ ಮಾತೇ ಬೇರೆಯಾಯಿತು. ಪಾಲುಗಳ ಮೊತ್ತ ಒಟ್ಟಿಗೆ ಸಮ ಇರಬೇಕಿಲ್ಲ. ಒಟ್ಟಿಗಿಂತ ಕಡಿಮೆ ಆಗಬಾರದು, ಹೆಚ್ಚಾದರೆ ಪಾಲುದಾರರು ಎಷ್ಟು ಜನವೋ ಅಷ್ಟು ರೂಪಾಯಿಯ ಒಳಗಿರಬೇಕು. ಬರೆದೆ, ಮೆಟ್ಟಿಲು ಕಟ್ಟಿದೆ, ಡ್ಯಾಫ್ನಿ ಒಪ್ಪಿತು. ಹಳೇ ಪುರಾವೆಯಲ್ಲಿ ತಪ್ಪೇನೂ ಇರಲಿಲ್ಲ. ಅದು ಸಾಧಿಸಿದ ಮಾತು ಊರಿಗೆ ಬೇಡವಾಗಿತ್ತು, ಅಷ್ಟೇ.

ಇದು ನಮ್ಮ ಊರಿನ ಕಥೆ ಮಾತ್ರ ಅಲ್ಲ. 1996ರ ಜೂನ್ 4ರಂದು ಏರಿಯಾನ್ 5 ರಾಕೆಟ್ ಹಾರಿದ ಸುಮಾರು 40 ಸೆಕೆಂಡಿನಲ್ಲಿ ಚೂರಾಯಿತು. ಅದರ ಒಂದು ಭಾಗದ ಸಾಫ್ಟ್‌ವೇರನ್ನು ಏರಿಯಾನ್ 4ರಿಂದ ಹಾಗೇ ತಂದಿದ್ದರು. ಹಳೇ ರಾಕೆಟ್ಟಿನಲ್ಲಿ ಆ ಕೋಡ್ ಸರಿಯಾಗೇ ಕೆಲಸ ಮಾಡಿತ್ತು. ಹೊಸದರ ಅಡ್ಡ ವೇಗ ಜಾಸ್ತಿ. ಆ ಲೆಕ್ಕದ ಸಂಖ್ಯೆ 16 ಬಿಟ್‌ನ ಜಾಗದಲ್ಲಿ ಹಿಡಿಸಲಿಲ್ಲ. ಅಲ್ಲಿ 32,767ಕ್ಕಿಂತ ದೊಡ್ಡದಕ್ಕೆ ಜಾಗವಿಲ್ಲ. ಕೋಡಿನ ಒಂದಕ್ಷರ ಬದಲಾಗದೆಯೂ ಹೊಸ ಬಗ್ ಹುಟ್ಟಿತು.

ಇಷ್ಟಾದ ಮೇಲೂ ಗುಮಾಸ್ತರಿಗೆ ಒಂದು ಅನುಮಾನ ಉಳಿದಿತ್ತು. ಒಮ್ಮೊಮ್ಮೆ ಒಂದೇ ಲೋಡಿಗೆ ಎರಡು ಚೀಟಿ ಬರುತ್ತದೆ, ಯಾವಾಗ ಅಂತ ಹೇಳಲು ಬರುವುದಿಲ್ಲ ಎನ್ನುತ್ತಿದ್ದರು. ಟೆಸ್ಟ್ ಮಾಡಿದರೆ ಬರುತ್ತಿರಲಿಲ್ಲ. ಇದು ಕೂಡಿಸಿ ಕಳೆಯುವ ತಪ್ಪಲ್ಲ, ಯಾವುದು ಮೊದಲು ಯಾವುದು ಆಮೇಲೆ ಎಂಬುದರ ತಪ್ಪು. ಅದಕ್ಕೆ ಲೆಸ್ಲಿ ಲ್ಯಾಂಪೋರ್ಟ್ ಎಂಬ ಕಂಪ್ಯೂಟರ್ ವಿಜ್ಞಾನಿಯ ಟಿಎಲ್ಎ ಪ್ಲಸ್ (TLA+) ಸರಿಯಾದ ಹತಾರ. ಘಟನೆಗಳನ್ನು ಬರೆದುಕೊಟ್ಟರೆ, ಅವು ಯಾವ ಯಾವ ಕ್ರಮದಲ್ಲಿ ಬರಬಹುದೋ ಅಷ್ಟನ್ನೂ ಅದು ನಡೆದು ನೋಡುತ್ತದೆ. ಅಮೆಜಾನ್‌ನ ಎಂಜಿನಿಯರುಗಳು ಇದನ್ನು ಬಳಸಿ, 35 ಹೆಜ್ಜೆಗಳ ಸರಣಿ ಕೂಡಿ ಬಂದರೆ ಮಾತ್ರ ಕಾಣುವ ಒಂದು ಬಗ್ ಹಿಡಿದದ್ದನ್ನು 2015ರಲ್ಲಿ ಬರೆದಿದ್ದಾರೆ.

ನಾನು ಬರೆದದ್ದು ಚಿಕ್ಕದು. ಗಾಡಿ ಬಂತು, ತುಂಬಿದ ತೂಕ, ಖಾಲಿ ತೂಕ, ಉಳಿಸು, ಚೀಟಿ ಒತ್ತು. ಇವುಗಳ ನಡುವೆ ಎಲ್ಲಿ ಬೇಕಾದರೂ 'ಕರೆಂಟ್ ಹೋಯಿತು'. ಉತ್ತರ ಬರಲು ತಡವಾಗಲಿಲ್ಲ. ಲೆಕ್ಕ ಉಳಿಯಿತು, ಚೀಟಿ ಬರುವ ಮೊದಲು ಕರೆಂಟ್ ಹೋಯಿತು, ಮತ್ತೆ ಬಂತು, ಚೀಟಿ ಇಲ್ಲ, ಗುಮಾಸ್ತರು ಅದೇ ತೂಕವನ್ನು ಮತ್ತೆ ಹಾಕಿದರು, ಹೊಸ ನಂಬರ್ ಹುಟ್ಟಿತು. ಒಂದು ಲೋಡು, ಎರಡು ನಂಬರ್. ಕಾಟಾ ಕೋಣೆಯಲ್ಲಿ ಕಂಪ್ಯೂಟರ್ ಇನ್ವರ್ಟರ್ ಮೇಲಿದೆ, ಪ್ರಿಂಟರ್ ಅದರ ಮೇಲಿಲ್ಲ! ಅದನ್ನು ನೋಡಿದ ಮೇಲೆ ಎಲ್ಲ ಬಗೆಹರಿಯಿತು. ನಾನು ಮನೆಯಲ್ಲಿ ಟೆಸ್ಟ್ ಮಾಡುವಾಗ ಕರೆಂಟ್ ಹೀಗೆ ಅರ್ಧ ಹೋಗುವುದೇ ಇಲ್ಲವಲ್ಲ. ನಂಬರನ್ನು ಕೊನೆಗೆ ಕೊಡುವ ಬದಲು ಗಾಡಿ ಮೊದಲ ಸಲ ಕಾಟಾ ಹತ್ತಿದಾಗಲೇ ಕೊಡುವಂತೆ ಹುಡುಗ ಬದಲಿಸಿದ. ಬದಲಿಸಿದ ಕ್ರಮವನ್ನು ಮತ್ತೆ ಓಡಿಸಿ ನೋಡಿದಾಗ ಎರಡನೇ ನಂಬರ್ ಹುಟ್ಟುವ ದಾರಿ ಎಲ್ಲೂ ಉಳಿದಿರಲಿಲ್ಲ.

ಹಾಗಾದರೆ ಪೂರ್ತಿ ಬಗ್ ಇಲ್ಲದ ಸಾಫ್ಟ್‌ವೇರ್ ಸಾಧ್ಯವೇ? ಅಸಾಧ್ಯ ಎನ್ನುವವರು ಸಾಮಾನ್ಯವಾಗಿ ಗಣಿತಜ್ಞ ಅಲನ್ ಟ್ಯೂರಿಂಗ್ ಹೆಸರು ಎತ್ತುತ್ತಾರೆ. ಯಾವುದೇ ಪ್ರೋಗ್ರಾಂ ಕೊಟ್ಟರೂ ಅದು ಓಡಿ ಮುಗಿದು ನಿಲ್ಲುತ್ತದೋ, ಓಡುತ್ತಲೇ ಇರುತ್ತದೋ ಎಂದು ಹೇಳಬಲ್ಲ ಒಂದೇ ವಿಧಾನ ಇರಲು ಸಾಧ್ಯವಿಲ್ಲ ಎಂದು ಅವರು 1936ರಲ್ಲಿ ಸಾಧಿಸಿದರು. ಇದು ನಿಜ. ಆದರೆ ಅದು ಎಲ್ಲ ಪ್ರೋಗ್ರಾಮುಗಳಿಗೂ ಒಂದೇ ಯಂತ್ರ ಇಲ್ಲ ಎಂಬ ಮಾತು. ಈ ಒಂದು ಪ್ರೋಗ್ರಾಂ ಸರಿ ಎಂದು ಸಾಧಿಸಲು ಆಗುವುದಿಲ್ಲ ಅಂತ ಅಲ್ಲಿ ಎಲ್ಲೂ ಇಲ್ಲ. ಸಾಧಿಸಿದವರು ಇದ್ದಾರೆ. ಆಸ್ಟ್ರೇಲಿಯಾದಲ್ಲಿ 2009ರಲ್ಲಿ ಎಸ್‌ಇಎಲ್4 (seL4) ಎಂಬ ಆಪರೇಟಿಂಗ್ ಸಿಸ್ಟಮ್ ತಿರುಳನ್ನು ಹೀಗೆ ಸಾಧಿಸಿದರು. ಕೋಡ್ ಸುಮಾರು 8,700 ಸಾಲು, ಪುರಾವೆ ಸುಮಾರು 2 ಲಕ್ಷ ಸಾಲು. ಪ್ಯಾರಿಸ್‌ನಲ್ಲಿ 1998ರಿಂದ ಚಾಲಕರಿಲ್ಲದೆ ಓಡುವ 14ನೇ ಮೆಟ್ರೋ ಮಾರ್ಗದ ಸುರಕ್ಷತೆಯ ಭಾಗವನ್ನೂ ಮೊದಲು ಸಾಧಿಸಿಯೇ ಮಾಡಿದ್ದು.

ಬಿರುಕು ಇರುವುದು ಅಂಚಿನಲ್ಲಿ. 2017ರಲ್ಲಿ ಕೆಲವು ಸಂಶೋಧಕರು ಹೀಗೆ ಸಾಧಿಸಿದ ಮೂರು ವ್ಯವಸ್ಥೆಗಳನ್ನು ಹಿಡಿದು ಜಾಲಾಡಿದರು. 16 ಬಗ್ ಸಿಕ್ಕವು. ಸಾಧಿಸಿದ ತಿರುಳಿನ ಕ್ರಮದಲ್ಲಿ ಒಂದೂ ಇರಲಿಲ್ಲ. ಬರೆದ ಮಾತಿನಲ್ಲಿ, ಸಾಧಿಸುವ ಹತಾರದಲ್ಲಿ, ಹೊರಗಿನ ಜಗತ್ತಿನ ಬಗ್ಗೆ ಮಾಡಿಕೊಂಡ ಊಹೆಯಲ್ಲಿ ಇದ್ದವು.

ನಮ್ಮ ಅಂಚು ಒಂದು ಕೇಬಲ್. ಕಾಟಾದ ಡಿಸ್‌ಪ್ಲೇಯಿಂದ ಕಂಪ್ಯೂಟರಿಗೆ ಬರುವ ತಂತಿ. ಟ್ರ್ಯಾಕ್ಟರ್ ಇನ್ನೂ ಅಲುಗಾಡುತ್ತಿರುವಾಗಲೇ ಬಟನ್ ಒತ್ತಿದರೆ ಬರುವ ಸಂಖ್ಯೆ ಬೇರೆ. ನನ್ನ ಪುರಾವೆಗೆ ಅದು ಕಾಣುವುದಿಲ್ಲ. ಬಂದ ಸಂಖ್ಯೆಯನ್ನೇ ಸತ್ಯ ಎಂದು ಹಿಡಿದು ಅದು ಶುರುವಾಗುತ್ತದೆ. ಕೆಲವು ಸೆಕೆಂಡು ಒಂದೇ ಸಂಖ್ಯೆ ನಿಂತರೆ ಮಾತ್ರ ತೆಗೆದುಕೊಳ್ಳುವಂತೆ ಮಾಡಿದೆವು. ಗುಮಾಸ್ತರು ಡಿಸ್‌ಪ್ಲೇ ನೋಡಿ ಗಟ್ಟಿಯಾಗಿ ಓದಬೇಕು, ಭತ್ತ ತಂದವರು ಹ್ಞೂಂ ಅನ್ನಬೇಕು ಎಂದು ಹಾಳೆಯಲ್ಲಿ ಸೇರಿಸಿದೆವು. ಕಾಟಾ ಸರಿಯಾಗಿ ತೂಗುತ್ತದೆಯೇ ಎಂಬುದಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇದೆ. ಅದರ ತಾರೀಕು ಯಾವಾಗ ಮುಗಿಯುತ್ತದೆ ಎಂದೂ ಅಲ್ಲೇ ಬರೆದಿದ್ದೇವೆ. ಲೆಕ್ಕದ ನಿಯಮ, ನಾವು ಹಿಡಿದುಕೊಂಡ ಊಹೆಗಳು, ಎರಡೂ ಒಂದೇ ಹಾಳೆಯಲ್ಲಿ, ಕಾಟಾ ಕೋಣೆಯ ಗೋಡೆ ಮೇಲೆ, ಯಾರು ಬೇಕಾದರೂ ಓದುವಂತೆ ಅಂಟಿಸಿದೆ.

'ಬಗ್ ಇದ್ದೇ ಇರುತ್ತೆ' ಎನ್ನುವವರನ್ನು ನಾನು ಈಗ ಎಲ್ಲಿ ಎಂದು ಕೇಳುತ್ತೇನೆ. ಕೂಡುವ ಭಾಗದಲ್ಲೋ, ಕೇಬಲಿನಲ್ಲೋ, ನಿಯಮದಲ್ಲೋ? ದುಡ್ಡು ಹಂಚುವ ಕೋಡ್ ಎಷ್ಟು ಸಾಲಿನದು ಹೇಳಿ? ಒಂದು ಪುಟ ತುಂಬುವುದಿಲ್ಲ. ಅಷ್ಟನ್ನಾದರೂ ಸಾಧಿಸಿ ಕೊಡುವುದು ನಮ್ಮ ಕೈಲಿದೆ. ಇಡೀ ಸಾಫ್ಟ್‌ವೇರಿಗೆ ಆಗದು ಎಂಬ ನೆಪದಲ್ಲಿ ಆಗುವಷ್ಟನ್ನೂ ಬಿಡುವುದು ನ್ಯಾಯವಲ್ಲ.

ಬೇಸಿಗೆ ಬೆಳೆಗೆ ಚೀಲದ ಬದಲು ಕ್ವಿಂಟಲ್ ದರ ಮಾಡಬೇಕೆಂದು ಸಂಘದಲ್ಲಿ ಮಾತು ನಡೆದಿದೆ. ಹಾಗಾದರೆ 75ರ ಮೇಲೆ ನಿಂತ ಪುರಾವೆಯನ್ನೆಲ್ಲ ಮತ್ತೆ ಓಡಿಸಬೇಕು. 'ಚೀಲಕ್ಕೆ' ಎಂದಿರುವ ತೇವಾಂಶದ ಸಾಲನ್ನೂ ತಿದ್ದಬೇಕು. ಅದಕ್ಕಿಂತ ಕಷ್ಟದ್ದು ಗೊಬ್ಬರದ ಮುಂಗಡ. ಪಾಲಿಗೆ ಮಾಡುವ ಕಡೆ ಆ ಸಾಲವನ್ನು ಒಟ್ಟು ದುಡ್ಡಿನಲ್ಲಿ ಮೊದಲೇ ಮುರಿಯಬೇಕೋ, ತೆಗೆದುಕೊಂಡವರ ಪಾಲಿನಲ್ಲಿ ಮಾತ್ರವೋ ಎಂಬುದಕ್ಕೆ ಇನ್ನೂ ಇಬ್ಬರು ನಿರ್ದೇಶಕರು ಒಪ್ಪಿಲ್ಲ. ಅವರು ಒಪ್ಪುವವರೆಗೆ ಆ ಸಾಲಿನ ಕೋಡ್ ಬರೆಯಬೇಡ ಎಂದು ಹುಡುಗನಿಗೆ ಹೇಳಿದ್ದೇನೆ.